ಆರ್‌ಓ ನೀರನ್ನು ಫ್ರಿಜ್‌ಗೆ ಕೊಡುವುದು ಹೇಗೆ? ಇಬ್ಬರು ಮೆಕ್ಯಾನಿಕ್‌ಗಳೂ ಕೈ ಎತ್ತಿದ್ದಾರೆ

ಆರ್‌ಆರ್‌ನಗರದಾಕೆ:
ಎಲ್ಲರಿಗೂ ನಮಸ್ಕಾರ. ಹೋದ ವಾರ ಮನೆಗೆ ಎರಡು ಬಾಗಿಲಿನ ದೊಡ್ಡ ಫ್ರಿಜ್ ಬಂತು. ಬಾಗಿಲಲ್ಲೇ ತಣ್ಣೀರು, ಐಸು ಬರುವಂಥದ್ದು. ಬಂತು ಅಂದರೆ ಫ್ರಿಜ್ ಬಂತು, ನೀರು ಬಂದಿಲ್ಲ.

ಆರ್‌ಓ ಇರುವುದು ಸಿಂಕ್ ಮೇಲಿನ ಗೋಡೆಯಲ್ಲಿ. ಫ್ರಿಜ್ ಇರುವುದು ಊಟದ ಮೇಜಿನ ಪಕ್ಕ, ಸುಮಾರು 14 ಅಡಿ ದೂರ. ಫ್ರಿಜ್ ಹುಡುಗ "ಲೈನ್ ಇಲ್ಲಿಗೆ ತಂದಿಟ್ಟಿರಿ, ಸಿಕ್ಕಿಸಿ ಹೋಗ್ತೀನಿ" ಎಂದ. ಆರ್‌ಓ ಸರ್ವೀಸ್‌ನವನು "ಬಾಕ್ಸ್ ಬಿಚ್ಚಿದರೆ ವಾರಂಟಿ ಹೋಗುತ್ತೆ ಮೇಡಂ" ಎಂದು ಚಹಾ ಕುಡಿದು ಹೋದ. ಪಕ್ಕದ ಮನೆಯಲ್ಲಿ ಕೆಲಸ ಮಾಡುತ್ತಿದ್ದ ಪ್ಲಂಬರ್ "ನಲ್ಲಿ ಹತ್ತಿರ ಒಂದು ಟೀ (ಪೈಪನ್ನು ಎರಡಾಗಿ ಕವಲು ಮಾಡುವ ಫಿಟ್ಟಿಂಗ್) ಹಾಕಿದರೆ ಮುಗೀತು, 80 ರೂಪಾಯಿ" ಅನ್ನುತ್ತಾನೆ. ಯಾರನ್ನು ನಂಬಲಿ?

ನಮ್ಮದು ನಾಲ್ಕನೇ ಮಹಡಿ, ಅದೇ ಕೊನೆ. ತಲೆ ಮೇಲೇ ಓವರ್‌ಹೆಡ್ ಟ್ಯಾಂಕ್. ಸದ್ಯಕ್ಕೆ ಲೋಟ ಇಡುವ ಗೂಡಿನಲ್ಲಿ ನನ್ನ ಮಗ ಆಟದ ಕಾರುಗಳನ್ನು ಪಾರ್ಕ್ ಮಾಡುತ್ತಿದ್ದಾನೆ.

ಸುಮ್ನಿರೋಣ:
ಬಾಟಲಿ ತುಂಬಿ ಒಳಗಿಡಿ. ಮುಗೀತು.

ಆರ್‌ಆರ್‌ನಗರದಾಕೆ:
ಬಾಟಲಿ ಇಡುವುದಕ್ಕೆ ಇಷ್ಟು ದುಡ್ಡು ಕೊಡಬೇಕಿತ್ತಾ ಸರ್?

ಹಳೇಫ್ರಿಜ್:
ಮೊದಲು ಒಂದು ವಿಷಯ ನೋಡಿ. ಬಾಗಿಲಲ್ಲಿ ನೀರು ಬರುವ ಫ್ರಿಜ್‌ಗಳಲ್ಲಿ ಎರಡು ಜಾತಿ. ಒಂದಕ್ಕೆ ಪೈಪ್ ಬೇಕು. ಇನ್ನೊಂದರಲ್ಲಿ ಒಳಗೇ ನಾಲ್ಕೈದು ಲೀಟರಿನ ಪ್ಲಾಸ್ಟಿಕ್ ಡಬ್ಬ ಇರುತ್ತದೆ, ಕೈಯಲ್ಲೇ ತುಂಬಬೇಕು. ನನ್ನ ತಮ್ಮ ಎರಡನೇ ಜಾತಿಯದನ್ನು ತಂದು, ಗೋಡೆ ಕೊರೆಸಿ, ಪೈಪ್ ಎಳೆಸಿ, ಕೊನೆಗೆ ಸಿಕ್ಕಿಸುವ ಜಾಗವನ್ನೇ ಹುಡುಕುತ್ತಾ ನಿಂತಿದ್ದ. ಆ ತೂತು ಇವತ್ತಿಗೂ ಇದೆ, ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದಾರೆ.

ಫ್ರಿಜ್ ಹಿಂದೆ, ಕೆಳಗಡೆ ಮೂಲೆಯಲ್ಲಿ, ಥ್ರೆಡ್ ಇರುವ ಪುಟ್ಟ ವಾಲ್ವ್ ಇದೆಯಾ ನೋಡಿ.

ಆರ್‌ಆರ್‌ನಗರದಾಕೆ:
ಟಾರ್ಚ್ ಹಾಕಿ ನೋಡಿದೆ. ಇದೆ. ಬಿಳಿ ಮುಚ್ಚಳ ಹಾಕಿದ್ದಾರೆ. ಒಳಗೆ ಡಬ್ಬ ಇಲ್ಲ.

ಪೈಪಣ್ಣ:
ಹಾಗಾದರೆ ಪೈಪಿನದ್ದೇ. 22 ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ ಅಕ್ಕ, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ಆ 80 ರೂಪಾಯಿ ಟೀ ಹಾಕಿಸಬೇಡಿ. ಟೀ ಹಾಕುವುದು ಕಷ್ಟವಲ್ಲ, ಅದರಲ್ಲಿ ನೀರು ಹೋಗುವುದಿಲ್ಲ. ಫ್ರಿಜ್ ಹಿಂದಿನ ವಾಲ್ವ್ ಕರೆಂಟಿನಲ್ಲಿ ತೆರೆಯುತ್ತದೆ, ಆದರೆ ನೀರನ್ನು ತಾನಾಗಿ ಎಳೆದುಕೊಳ್ಳುವುದಿಲ್ಲ. ಹಿಂದಿನಿಂದ ನೀರೇ ತಳ್ಳಿಕೊಂಡು ಬರಬೇಕು. ನಿಮ್ಮ ಮ್ಯಾನುಯಲ್ ತೆಗೆದು ನೋಡಿ, ಇಷ್ಟು ಪಿಎಸ್‌ಐ (ಒತ್ತಡ ಅಳೆಯುವ ಮಾನ) ಪ್ರೆಶರ್ ಬೇಕು ಅಂತ ಬರೆದಿರುತ್ತಾರೆ. ಸಾಮಾನ್ಯವಾಗಿ 20ರಿಂದ 120ರ ಒಳಗೆ ಇರುತ್ತದೆ, ಕೆಲವು ಕಂಪನಿಯವರು 30 ಕೇಳುತ್ತಾರೆ.

ಗೋಡೆ ಆರ್‌ಓದಲ್ಲಿ ಶುದ್ಧ ನೀರು ನಿಲ್ಲುವುದು ಬರೀ ಪ್ಲಾಸ್ಟಿಕ್ ತೊಟ್ಟಿಯಲ್ಲಿ. ಅದರಲ್ಲಿ ಪ್ರೆಶರ್ ಅನ್ನುವುದೇ ಇಲ್ಲ. ನಲ್ಲಿ ತಿರುಗಿಸಿದರೆ ಭಾರಕ್ಕೆ ಇಳಿಯುತ್ತದೆ, ಅಷ್ಟೇ. ಹತ್ತು ಅಡಿ ಎತ್ತರದಿಂದ ನೀರು ಇಳಿದರೆ ಸಿಗುವುದು 4.3 ಪಿಎಸ್‌ಐ. ನಿಮ್ಮ ಆರ್‌ಓ ತೊಟ್ಟಿಗೂ ಫ್ರಿಜ್ ವಾಲ್ವ್‌ಗೂ ನಾಲ್ಕಡಿ ವ್ಯತ್ಯಾಸ ಇರಬಹುದು. ಎರಡು ಪಿಎಸ್‌ಐ ಕೂಡ ಬರುವುದಿಲ್ಲ.

ಧಾರವಾಡಪೇಡೆ:
ನಾಲ್ಕಡಿಗೆ ಎರಡು ಪಿಎಸ್‌ಐನೂ ಬರಂಗಿಲ್ಲ ಅಂತೀರಿ. ನಮ್ಮ ಠಾಣೆಗೆ ಒಬ್ಬ ಪಿಎಸ್‌ಐ ಬಂದರೆ ಇಡೀ ಓಣಿ ಪ್ರೆಶರ್‌ನಾಗ ಇರ್ತದರಿ.

ಪೈಪಣ್ಣ:
😄 ಅಂಥವರು ಇಪ್ಪತ್ತು ಜನ ಬೇಕು ಸರ್ ಒಂದು ಲೋಟ ನೀರಿಗೆ.

ಲೆಕ್ಕದಮೇಷ್ಟ್ರು:
ಪೈಪಣ್ಣನ ಲೆಕ್ಕ ಸರಿ. 20 ಪಿಎಸ್‌ಐ ಬೇಕೆಂದರೆ 46 ಅಡಿ ಎತ್ತರದಲ್ಲಿ ನೀರಿರಬೇಕು. ಅಂದರೆ ಟ್ಯಾಂಕಿನಿಂದ ನಾಲ್ಕು ಮಹಡಿ ಕೆಳಗೆ. ಈ ವಿಷಯದಲ್ಲಿ ಕೆಳಗಿನ ಮನೆಯವರೇ ಪುಣ್ಯವಂತರು.

ಕತ್ರಿಗುಪ್ಪೆಗುರು:
ಇಷ್ಟೆಲ್ಲಾ ಯಾಕೆ? ಆರ್‌ಓ ಒಳಗೆ ಪಂಪ್ ಇದೆಯಲ್ಲ, ಅದು 80, 90 ಪಿಎಸ್‌ಐ ಕೊಡುತ್ತದೆ. ತೊಟ್ಟಿಗೆ ಹೋಗುವ ಮೊದಲೇ ಲೈನ್ ತಗೊಂಡು ಫ್ರಿಜ್‌ಗೆ ಕೊಡಿ. ನಮ್ಮ ಆಫೀಸಿನಲ್ಲಿ ಹೀಗೇ ಮಾಡಿದ್ದಾರೆ.

ಪೈಪಣ್ಣ:
ಗುರು, ಆ ಪ್ರೆಶರ್ ಇರುವುದು ಮೆಂಬ್ರೇನ್ (ನೀರು ಸೋಸುವ ಪೊರೆ) ಹಿಂದೆ, ಮುಂದೆ ಅಲ್ಲ. ಮುಂದೆ ಬರುವುದು ತೊಟ್ಟಿಕ್ಕುವ ನೀರು. ಮನೆಯ ಮೆಂಬ್ರೇನ್ ಸಾಮಾನ್ಯವಾಗಿ 75 ಗ್ಯಾಲನ್‌ನದ್ದು. ದಿನಕ್ಕೆ 284 ಲೀಟರ್ ಅಂತಾಯಿತು, ಗಂಟೆಗೆ 12, ನಿಮಿಷಕ್ಕೆ 200 ಎಂಎಲ್. ಅದೂ ಹೊಸದಾಗಿದ್ದಾಗ. ಒಂದು ಲೋಟ ತುಂಬಲು ಒಂದೂಕಾಲು ನಿಮಿಷ ಗುಂಡಿ ಒತ್ತಿಕೊಂಡು ನಿಲ್ಲಬೇಕು.

ಕತ್ರಿಗುಪ್ಪೆಗುರು:
ಓ. ಆಫೀಸಿನಲ್ಲಿ ಯಾಕೆ ಕ್ಯೂ ಇರುತ್ತದೆ ಅಂತ ಈಗ ಗೊತ್ತಾಯಿತು.

ಕರಾವಳಿಕಾಗೆ:
ಮಾರಾಯ್ರೆ, ಕಮ್ಮಿ ಪ್ರೆಶರಿನಲ್ಲಿ ಕೊಟ್ಟರೆ ಬರೀ ನಿಧಾನ ಆಗುವುದಲ್ಲ. ನನ್ನ ಕತೆ ಕೇಳಿ.

ನಾನೂ ನೇರ ಟೀ ಹಾಕಿಸಿದ್ದೆ. ಮೊದಲು ಐಸ್ ಬಂತು. ಮೇಲ್ನೋಟಕ್ಕೆ ಚೆಂದ. ಕಚ್ಚಿದರೆ ಒಳಗೆ ಟೊಳ್ಳು, ಕುಡಿದು ಬಿಸಾಡಿದ ಬೊಂಡದ ಚಿಪ್ಪಿನ ಹಾಗೆ. ಟ್ರೇ ತುಂಬುವಷ್ಟು ನೀರು ಬರುವ ಮೊದಲೇ ಸಮಯ ಮುಗಿದು ವಾಲ್ವ್ ಮುಚ್ಚುತ್ತಿತ್ತು. ಸ್ವಲ್ಪ ದಿನಕ್ಕೆ ಇನ್ನೊಂದು ತರಲೆ. ಈ ವಾಲ್ವ್ ಬಿಗಿಯಾಗಿ ಮುಚ್ಚಿಕೊಳ್ಳಲಿಕ್ಕೂ ನೀರಿನ ಒತ್ತಡವೇ ಬೇಕಂತೆ. ಅದಿಲ್ಲದೆ ತೊಟ್ಟು ತೊಟ್ಟು ಒಳಗೆ ಇಳಿಯುತ್ತಲೇ ಇತ್ತು. ಒಂದು ಬೆಳಿಗ್ಗೆ ನೋಡಿದರೆ ಐಸಿನ ಡಬ್ಬದಲ್ಲಿ ಇಡೀ ಐಸು ಒಂದೇ ಗಡ್ಡೆ. ಬಂಗುಡೆ ಪ್ಯಾಕೆಟ್ ಅದರೊಳಗೆ ಸಮಾಧಿ. ಬಿಸಿನೀರು ಹೊಯ್ದು, ಚಮಚದಲ್ಲಿ ಕುಟ್ಟಿ, ಮಧ್ಯಾಹ್ನದ ಸಾರಿಗೆ ಮೀನು ಬಿಡಿಸಿಕೊಳ್ಳುವ ಹೊತ್ತಿಗೆ ಹನ್ನೊಂದು ಗಂಟೆ.

ಸುಮ್ನಿರೋಣ:
ಬಾಟಲಿ ಇಟ್ಟಿದ್ದರೆ ಮೀನು ಬದುಕುತ್ತಿತ್ತು.

ಕರಾವಳಿಕಾಗೆ:
ಮೀನು ಮೊದಲೇ ಸತ್ತಿತ್ತು ಸ್ವಾಮಿ.

ಡಲ್ಲಾಸ್‌ಕನ್ನಡಿಗ:
ಇಲ್ಲಿ ಅಮೆರಿಕದಲ್ಲಿ ಊರಿನ ಲೈನಲ್ಲೇ 50, 60 ಪಿಎಸ್‌ಐ ಇರುತ್ತದೆ. ಫ್ರಿಜ್ ಇಡುವ ಜಾಗದಲ್ಲೇ ಗೋಡೆಯೊಳಗೆ ಕಾಲಿಂಚು ವಾಲ್ವ್ ಕೂರಿಸಿರುತ್ತಾರೆ. ನಮ್ಮ ನೀರು ಗಡಸು, ಹಾಗಾಗಿ ಸಿಂಕ್ ಕೆಳಗೆ ಆರ್‌ಓ ಹಾಕಿ, ಅದರ ಸ್ಟೀಲ್ ಟ್ಯಾಂಕಿನಿಂದ ಫ್ರಿಜ್‌ಗೆ ಎಳೆದಿದ್ದೇನೆ. ಏಳು ವರ್ಷವಾಯಿತು.

ಗುಟ್ಟು ಆ ಟ್ಯಾಂಕಿನಲ್ಲಿದೆ. ಒಳಗೆ ರಬ್ಬರ್ ಚೀಲ, ಅದರ ಹಿಂದೆ ಗಾಳಿ. ನೀರು ತುಂಬುತ್ತಾ ಹೋದಂತೆ ಗಾಳಿ ಒತ್ತಿಕೊಳ್ಳುತ್ತದೆ. ನಲ್ಲಿ ಬಿಟ್ಟಾಗ ಅದೇ ಗಾಳಿ ನೀರನ್ನು ತಳ್ಳುತ್ತದೆ. ತುಂಬಿದಾಗ 35, 40 ಪಿಎಸ್‌ಐ. ಕರೆಂಟ್ ಹೋದರೂ ಟ್ಯಾಂಕಿನಲ್ಲಿರುವ ನೀರನ್ನು ತಳ್ಳುವ ಕೆಲಸ ನಡೆಯುತ್ತದೆ.

ಆರ್‌ಆರ್‌ನಗರದಾಕೆ:
ಆ ಟ್ಯಾಂಕ್ ನಮ್ಮಲ್ಲಿ ಸಿಗುತ್ತಾ? ಈಗಿರುವ ಗೋಡೆ ಆರ್‌ಓಗೇ ಅದನ್ನು ಸೇರಿಸಬಹುದಾ?

ಪೈಪಣ್ಣ:
ಸಿಗುತ್ತದೆ ಅಕ್ಕ. 12 ಲೀಟರ್ ಅಂತ ಹೇಳಿ ಮಾರುತ್ತಾರೆ, ಗಾಳಿಗೂ ಜಾಗ ಬೇಕಲ್ಲ, ನೀರು ಎಂಟೋ ಹತ್ತೋ ಲೀಟರ್ ಹಿಡಿಯುತ್ತದೆ. ಸೇರಿಸಬಹುದು, ಆದರೆ ಬರೀ ಪೈಪ್ ಬದಲಾಯಿಸಿದರೆ ಸಾಲದು. ನಿಮ್ಮ ಆರ್‌ಓ ಪಂಪ್ ನಿಲ್ಲುವುದು ತೊಟ್ಟಿಯಲ್ಲಿ ತೇಲುವ ಫ್ಲೋಟ್ ಮೇಲೆದ್ದಾಗ. ಸ್ಟೀಲ್ ಟ್ಯಾಂಕಿಗೆ ಫ್ಲೋಟ್ ಇಲ್ಲ. ಹೈ ಪ್ರೆಶರ್ ಸ್ವಿಚ್ ಹಾಕಲೇಬೇಕು, ಟ್ಯಾಂಕ್ ತುಂಬಿದಾಗ ಅದು ಪಂಪ್ ನಿಲ್ಲಿಸುತ್ತದೆ. ಜೊತೆಗೆ ಮೆಂಬ್ರೇನ್ ಆದಮೇಲೆ ಒಂದು ಎನ್‌ಆರ್‌ವಿ, ನೀರು ವಾಪಸ್ ಹೋಗದ ಹಾಗೆ. ಸ್ವಿಚ್ ಹಾಕದೆ ಬಿಟ್ಟವರ ಮನೆಯಲ್ಲಿ ಪಂಪ್ ರಾತ್ರಿಯಿಡೀ ಓಡಿ, ವೇಸ್ಟ್ ಪೈಪಿನಲ್ಲಿ ನೀರು ಬೆಳಗಿನವರೆಗೂ ಹರಿದದ್ದನ್ನು ನೋಡಿದ್ದೇನೆ.

ವಾರಂಟಿ ಇನ್ನೂ ಇದ್ದರೆ ಗೋಡೆಯದನ್ನು ಮುಟ್ಟಬೇಡಿ.

ಇನ್ನೊಂದುದಾರಿ:
ಅದನ್ನು ಮುಟ್ಟದೆಯೂ ಆಗುತ್ತದೆ. ಆರ್‌ಓ ನಲ್ಲಿಯಿಂದ ಲೈನ್ ತೆಗೆದು ಮಧ್ಯೆ ಒಂದು 24 ವೋಲ್ಟ್ ಪುಟ್ಟ ಪಂಪ್, ಪ್ರೆಶರ್ ಸ್ವಿಚ್ ಇರುವಂಥದ್ದು. ಫ್ರಿಜ್ ವಾಲ್ವ್ ತೆರೆದರೆ ಪಂಪ್ ಓಡುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಎರಡು ವರ್ಷದಿಂದ ನಡೆಯುತ್ತಿದೆ. ಒಂದೇ ತೊಂದರೆ, ಐಸ್ ಮೇಕರ್ ರಾತ್ರಿ ಎರಡು ಗಂಟೆಗೆ ನೀರು ಎಳೆದಾಗ ಗುರ್ರ್ ಅನ್ನುತ್ತದೆ. ಮೊದಲ ರಾತ್ರಿ ಅಪ್ಪ ಕಳ್ಳ ಅಂದುಕೊಂಡು ದೊಣ್ಣೆ ಹಿಡಿದು ಅಡುಗೆಮನೆಗೆ ಬಂದಿದ್ದರು.

ಪೈಪಣ್ಣ:
ಇದೂ ಸರಿಯೇ. ಆದರೆ ಆರ್‌ಓ ತೊಟ್ಟಿ ಖಾಲಿಯಾದಾಗ ಪಂಪ್ ಒಣಗಿ ಓಡದ ಹಾಗೆ ನೋಡಿಕೊಳ್ಳಬೇಕು.

ಕಾವೇರಿಕುಡುಕ:
ಎಲ್ಲರೂ ಪೈಪ್ ಬಗ್ಗೆ ಮಾತಾಡುತ್ತಿದ್ದೀರಿ. ಆರ್‌ಓ ಬೇಕಾ ಅಂತ ಯಾರೂ ಕೇಳಲಿಲ್ಲ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಗೆ ಆರ್‌ಓ ಯಾಕೆ ಸ್ವಾಮಿ? ಒಂದು ಲೀಟರ್ ಕುಡಿಯಲು ಎರಡು ಮೂರು ಲೀಟರ್ ಚರಂಡಿಗೆ. ಕುಡಿಯುವ ನೀರಿನ ಬಿಐಎಸ್ ಮಾನದಂಡದಲ್ಲಿ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ) 500ರವರೆಗೆ ಒಪ್ಪಿಗೆ ಇದೆ. 2019ರಲ್ಲಿ ಹಸಿರು ನ್ಯಾಯಮಂಡಳಿ ಕೂಡ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಓ ಬೇಡ ಎಂದಿತ್ತು.

ಬರೀ ಕಸ ಹಿಡಿಯುವ ಫಿಲ್ಟರ್, ಕಾರ್ಬನ್, ಯುವಿ ಸಾಕು. ಅದರಲ್ಲಿ ನೀರು ಪೋಲಾಗುವುದಿಲ್ಲ, ನಡುವೆ ತೊಟ್ಟಿಯೂ ಬೇಡ, ಲೈನಿನ ಪ್ರೆಶರ್ ಹೆಚ್ಚೂಕಮ್ಮಿ ಹಾಗೇ ಫ್ರಿಜ್‌ವರೆಗೆ ಹೋಗುತ್ತದೆ.

ವೈಟ್‌ಫೀಲ್ಡ್‌ಸಂಪು:
ಕಾವೇರಿ ಬರುವ ಮನೆ ಅಂತೆ. 2024ರ ಮಾರ್ಚ್‌ನಲ್ಲಿ ಎಲ್ಲಿದ್ದಿರಿ ಸರ್? ನಮ್ಮ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ಬಂದರೆ ಮದುಮಗ ಬಂದ ಹಾಗೆ ಎಲ್ಲರೂ ಬಾಲ್ಕನಿಗೆ ಬರುತ್ತಿದ್ದೆವು. ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಒಂದೇ ಸಂಪಿಗೆ ಬೀಳುತ್ತವೆ. ಇವತ್ತಿನ ನೀರು ನಾಳೆ ಇಲ್ಲ.

ಕಾವೇರಿಕುಡುಕ:
ಆಮೇಲೆ ಅದೇ ವರ್ಷ ಅಕ್ಟೋಬರ್‌ನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಬಂತಲ್ಲ, 110 ಹಳ್ಳಿಗಳಿಗೆ.

ವೈಟ್‌ಫೀಲ್ಡ್‌ಸಂಪು:
ಉದ್ಘಾಟನೆ ಬಂತು. ನಮ್ಮ ನಲ್ಲಿಗೆ ಬಂದ ದಿನ ಇಲ್ಲೇ ಬರೆಯುತ್ತೇನೆ.

ಲೆಕ್ಕದಮೇಷ್ಟ್ರು:
ಜಗಳ ಬೇಡ. ಟಿಡಿಎಸ್ ಮೀಟರ್ ಪೆನ್ನಿನಷ್ಟು ದೊಡ್ಡದು, ಅಗ್ಗ. ಮೇಡಂ, ಒಂದು ವಾರ ದಿನಾ ಬೆಳಿಗ್ಗೆ ನಲ್ಲಿ ನೀರಿನಲ್ಲಿ ಅದ್ದಿ ಬರೆದಿಡಿ. ಒಂದೇ ದಿನ ನೋಡಿ ತೀರ್ಮಾನ ಮಾಡಬೇಡಿ.

ಕೋಲಾರಚಿನ್ನ:
ಮೀಟರ್ ಎಲ್ಲವನ್ನೂ ಹೇಳುವುದಿಲ್ಲ ಮೇಷ್ಟ್ರೇ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಒಂದೆರಡು ಮಿಲಿಗ್ರಾಂ ಆ ಮೀಟರಿಗೆ ಎಲ್ಲಿ ಕಾಣುತ್ತದೆ? ನಮ್ಮ ಅಜ್ಜನ ಹಲ್ಲಿನ ಮೇಲೆ ಕಂದು ಗೆರೆಗಳಿದ್ದವು, ಮೊಣಕಾಲು ಪೂರ್ತಿ ಮಡಚಲು ಆಗುತ್ತಿರಲಿಲ್ಲ. ಫ್ರಿಜ್ ಒಳಗೆ ಬರುವ ಕಾರ್ಬನ್ ಫಿಲ್ಟರ್, ಯುವಿ ಯಾವುದೂ ಫ್ಲೋರೈಡ್ ತೆಗೆಯುವುದಿಲ್ಲ. ಆರ್‌ಓ ತೆಗೆಯುತ್ತದೆ. ಊರಲ್ಲಿ ಜನ ಶುದ್ಧ ನೀರಿನ ಘಟಕಕ್ಕೆ ಕಾಯಿನ್ ಹಾಕಿ ಕ್ಯಾನ್ ತುಂಬಿಕೊಂಡು ಬರುವುದು ಶೋಕಿಗಲ್ಲ.

ಬೋರ್‌ವೆಲ್ ಇದ್ದವರು ಒಂದು ಸಲ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ.

ಕಾವೇರಿಕುಡುಕ:
ಇದನ್ನು ಒಪ್ಪುತ್ತೇನೆ. ನಾನು ಹೇಳಿದ್ದು ಕಾವೇರಿ ಮಾತ್ರ ಬರುವ ಮನೆಗೆ.

ಮಡಿಕೆಪ್ರೇಮಿ:
ಮಡಿಕೆ ನೀರಿನ ರುಚಿ ಯಾವ ಫ್ರಿಜ್‌ಗೆ ಬರುತ್ತದೆ ಹೇಳಿ. ಕೆಳಗೆ ಮರಳು, ಮೇಲೆ ಒದ್ದೆ ಬಟ್ಟೆ, ಲಾವಂಚದ ಬೇರು ಹಾಕಿದರೆ ಇನ್ನೂ ಚೆಂದ.

ಧಾರವಾಡಪೇಡೆ:
ಖರೇ ಅದ. ಆದರ ಮಡಿಕೆಯಿಂದ ಐಸ್ ಬರಂಗಿಲ್ಲ ನೋಡ್ರಿ.

ಅಜ್ಜಿಮನೆ:
ತಣ್ಣೀರು ಕುಡಿದು ಗಂಟಲು ಕಟ್ಟಿಸಿಕೊಂಡು ಆಮೇಲೆ ಕಷಾಯ ಕುಡಿಯುವುದು. ಈಗಿನ ಮಕ್ಕಳ ಕತೆಯೇ ಇದು.

ಪೈಪಣ್ಣ:
ಮಡಿಕೆಗೆ ಪೈಪ್ ಬೇಡ, ನಮ್ಮ ಹೊಟ್ಟೆ ಮೇಲೆ ಹೊಡೆಯಬೇಡಿ 😄

ಫಿಟ್ಟಿಂಗ್ ವಿಷಯ ಬಿಟ್ಟುಹೋಯಿತು. ಕಾಲಿಂಚು ಪೈಪ್ ತಗೊಳ್ಳಿ, ಕುಡಿಯುವ ನೀರಿಗೆಂದೇ ಇರುವ ಬಿಳಿ ಪ್ಲಾಸ್ಟಿಕ್ ಪೈಪ್. ಕತ್ತರಿಯಲ್ಲಿ ಕತ್ತರಿಸಲು ಬಿಡಬೇಡಿ. ಕತ್ತರಿ ಪೈಪನ್ನು ಚಪ್ಪಟೆ ಮಾಡುತ್ತದೆ, ತುದಿ ಓರೆಯಾಗುತ್ತದೆ. ಹೊಸ ಬ್ಲೇಡ್ ಇಟ್ಟು ನೇರವಾಗಿ ಒಂದೇ ಸಲಕ್ಕೆ ಕತ್ತರಿಸಬೇಕು. ಕನೆಕ್ಟರಿಗೆ ತಳ್ಳುವಾಗ ಮೊದಲು ಒಂದು ಕಡೆ ತಡೆಯುತ್ತದೆ. ಎಲ್ಲರೂ ಅಲ್ಲಿಗೇ ನಿಲ್ಲಿಸುತ್ತಾರೆ. ಅದು ಬರೀ ರಬ್ಬರ್ ರಿಂಗ್. ಇನ್ನೂ ಸ್ವಲ್ಪ ಒತ್ತಿದರೆ ಮೆತ್ತಗೆ ಒಳಗೆ ಜಾರಿ ತಳ ಮುಟ್ಟುತ್ತದೆ. ಆಮೇಲೆ ಎಳೆದು ನೋಡಿ, ಕ್ಲಿಪ್ ಹಾಕಿ. ಫ್ರಿಜ್ ಹತ್ತಿರ ಕೈಗೆ ಸಿಗುವ ಜಾಗದಲ್ಲಿ ಒಂದು ಬಾಲ್ ವಾಲ್ವ್ ಇರಲಿ. ಫ್ರಿಜ್ ಹಿಂದೆ ಎರಡು ಸುತ್ತು ಪೈಪ್ ಜಾಸ್ತಿ ಬಿಡಿ, ಗುಡಿಸಲು ಎಳೆದಾಗ ಕಿತ್ತುಬರಬಾರದು.

ಮಲ್ನಾಡ್‌ಮನೆ:
ಪೈಪನ್ನು ಫಾಲ್ಸ್ ಸೀಲಿಂಗ್ ಮೇಲೆ ಎಳೆಯಬೇಡಿ. ನಮ್ಮಲ್ಲಿ ಇಲಿ ಕಡಿಯಿತು. ಪೈಪ್ ಬಿಚ್ಚಿ ನೋಡಿದರೆ ಎರಡು ಹಲ್ಲಿನ ಗುರುತು, ಸ್ಟೇಪ್ಲರ್ ಹೊಡೆದ ಹಾಗೆ. ಅಷ್ಟಕ್ಕೇ ಹಾಲ್ ಪೂರ್ತಿ ಮಳೆ.

ಹಿತ್ತಾಳೆಅಂಗಡಿ:
ಪ್ಲಾಸ್ಟಿಕ್ ಯಾಕೆ? ತಾಮ್ರದ ಪೈಪ್ ಹಾಕಿ. ಇಲಿಯೂ ಕಡಿಯಲ್ಲ, ತಾಮ್ರದ ಚೊಂಬಿನ ನೀರು ಒಳ್ಳೆಯದಲ್ವಾ?

ಡಲ್ಲಾಸ್‌ಕನ್ನಡಿಗ:
ಆರ್‌ಓ ನೀರಿಗೆ ಬೇಡ. ಆ ನೀರಿನಲ್ಲಿ ಖನಿಜ ಇರುವುದಿಲ್ಲ, ಸ್ವಲ್ಪ ಹುಳಿಯ ಕಡೆಗೇ ಇರುತ್ತದೆ, ತಾಮ್ರವನ್ನು ತಿನ್ನುತ್ತದೆ. ಚೊಂಬಿನಲ್ಲಿ ಒಂದು ರಾತ್ರಿ ನಿಂತ ನೀರಿಗೂ ದಿನವಿಡೀ ಕಿರಿದಾದ ಪೈಪಿನಲ್ಲಿ ನಿಂತ ಆರ್‌ಓ ನೀರಿಗೂ ವ್ಯತ್ಯಾಸ ಇದೆ.

ಇನ್ನೊಂದು. ಆರ್‌ಓ ನೀರು ಕೊಟ್ಟರೆ ಫ್ರಿಜ್ ಒಳಗಿನ ಫಿಲ್ಟರ್ ತೆಗೆದು ಬೈಪಾಸ್ ಪ್ಲಗ್ ಹಾಕಿ. ಒಮ್ಮೆ ಶುದ್ಧ ಮಾಡಿದ್ದನ್ನು ಮತ್ತೆ ಶುದ್ಧ ಮಾಡಿ ಏನೂ ಸಿಗುವುದಿಲ್ಲ, ಇರುವ ಪ್ರೆಶರೂ ಅಲ್ಲಿ ಸೋರಿಹೋಗುತ್ತದೆ. ಕಾರ್ಬನ್ ದಾಟಿದ ನೀರಿನಲ್ಲಿ ಕ್ಲೋರಿನ್ ಇಲ್ಲ ಅನ್ನುವುದು ನೆನಪಿರಲಿ. ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬಂದರೆ ಮೊದಲ ಎರಡು ಮೂರು ಲೀಟರ್ ಚೆಲ್ಲಿ, ಹಳೇ ಐಸ್ ಕೂಡ.

ಆರ್‌ಆರ್‌ನಗರದಾಕೆ:
ಎಲ್ಲರಿಗೂ ಥ್ಯಾಂಕ್ಸ್. ಮೀಟರ್ ತರಿಸಿದ್ದೇನೆ. ಒಂದು ವಾರ ಬಿಟ್ಟು ಬರುತ್ತೇನೆ.

ಸುಮ್ನಿರೋಣ:
ಅಲ್ಲಿಯವರೆಗೆ ಬಾಟಲಿ.

ಆರ್‌ಆರ್‌ನಗರದಾಕೆ:
ಒಂದು ವಾರ ಅಂದಿದ್ದೆ, ಮೂರು ವಾರವಾಯಿತು, ಕ್ಷಮಿಸಿ.

ಟಿಡಿಎಸ್ ಸೋಮವಾರ 280, ಗುರುವಾರ 740. ಗುರುವಾರ ಟ್ಯಾಂಕರ್ ಬಂದಿತ್ತು. ಹಾಗಾಗಿ ಕಾವೇರಿಕುಡುಕ ಅವರ ಮಾತು ನಮಗೆ ನಡೆಯಲಿಲ್ಲ. ಗೋಡೆ ಆರ್‌ಓ ಅತ್ತಿಗೆ ಮನೆಗೆ ಹೋಯಿತು. ಸಿಂಕ್ ಕೆಳಗೆ ಸ್ಟೀಲ್ ಟ್ಯಾಂಕ್ ಇರುವ ಹೊಸದನ್ನು ಹಾಕಿಸಿದೆವು, ಪ್ರೆಶರ್ ಸ್ವಿಚ್ ಅದರಲ್ಲೇ ಇತ್ತು. ಪೈಪ್ ಸ್ಕರ್ಟಿಂಗ್ ಪಕ್ಕ ಕೇಸಿಂಗ್ ಪಟ್ಟಿಯೊಳಗೆ ಬಂದಿದೆ. ಹುಡುಗ ಜೇಬಿನಿಂದ ಕತ್ತರಿ ತೆಗೆದ. ನಾನು ಬ್ಲೇಡ್ ಕೊಟ್ಟೆ. ನನ್ನ ಮುಖವನ್ನೇ ನೋಡಿದ.

ಮೊದಲ ದಿನ ಐಸ್ ಬಂತು, ಕಚ್ಚಿದರೆ ಟೊಳ್ಳು. ಕರಾವಳಿಕಾಗೆ ಅವರ ಬೊಂಡದ ಚಿಪ್ಪು ನೆನಪಾಗಿ ಎದೆ ಧಸಕ್ ಅಂತು.

ಪೈಪಣ್ಣ:
ಟ್ಯಾಂಕಿನ ಗಾಳಿ ನೋಡಿದಿರಾ? ನೀರು ಪೂರ್ತಿ ಖಾಲಿ ಮಾಡಿ ಅಳೆದಾಗ 7 ಪಿಎಸ್‌ಐ ಇರಬೇಕು. ಪಕ್ಕದಲ್ಲಿ ನೀಲಿ ಮುಚ್ಚಳ ಇರುತ್ತದೆ, ಅದರೊಳಗೆ ಬೈಕ್ ಟೈರ್‌ಗೆ ಇರುವಂಥದ್ದೇ ವಾಲ್ವ್.

ಆರ್‌ಆರ್‌ನಗರದಾಕೆ:
ಅದೇ ಆಗಿತ್ತು ಅಣ್ಣ! ಮನೆಯವರು ಬೈಕ್ ಗೇಜ್ ಹಿಡಿದು ನೋಡಿದರು, 3 ಇತ್ತು. ಮಗನ ಸೈಕಲ್ ಪಂಪ್‌ನಲ್ಲಿ ಗಾಳಿ ಹೊಡೆದೆವು. ಮಾರನೇ ದಿನ ಐಸ್ ಗಟ್ಟಿಯಾಗಿ ಬಂತು. ಟ್ಯಾಂಕ್ ತುಂಬಿದ್ದಾಗ ಲೋಟಕ್ಕೆ 15 ಸೆಕೆಂಡ್. ನಾವು ಪಾತ್ರೆಗೆ ಹಿಡಿದುಕೊಂಡು ಟ್ಯಾಂಕ್ ಅರ್ಧ ಮಾಡಿದ್ದರೆ 25. ನೆಂಟರು ಬಂದ ದಿನ ಟ್ಯಾಂಕ್ ಖಾಲಿಯಾಗಿ ಫ್ರಿಜ್ ಬರೀ ಗುಂಯ್ ಅಂದಿತು, ಬಾಟಲಿ ತೆಗೆಯಬೇಕಾಯಿತು.

ಸುಮ್ನಿರೋಣ:
🙏

ವೈಟ್‌ಫೀಲ್ಡ್‌ಸಂಪು:
ವೇಸ್ಟ್ ನೀರು ಏನು ಮಾಡುತ್ತಿದ್ದೀರಿ?

ಆರ್‌ಆರ್‌ನಗರದಾಕೆ:
ಬಕೆಟ್‌ಗೆ ಬಿಟ್ಟಿದ್ದೇನೆ, ನೆಲ ಒರೆಸಲು ಮತ್ತು ಟಾಯ್ಲೆಟ್‌ಗೆ. ಗಿಡಕ್ಕೆ ಹಾಕುವುದನ್ನು ನಿಲ್ಲಿಸಿದೆ, ಟ್ಯಾಂಕರ್ ಬಂದ ವಾರ ಮಲ್ಲಿಗೆ ಎಲೆ ಅಂಚು ಸುಟ್ಟ ಹಾಗೆ ಆಗಿತ್ತು.

ಹಳೇಫ್ರಿಜ್:
ಬೈಪಾಸ್ ಪ್ಲಗ್ ಹಾಕಿದ ಮೇಲೆ ಫಿಲ್ಟರ್ ಬದಲಿಸಿ ಅಂತ ಕೆಂಪು ದೀಪ ಉರಿಯುತ್ತಿದೆಯಾ? ನನ್ನದು ಉರಿಯುತ್ತಲೇ ಇದೆ.

ಆರ್‌ಆರ್‌ನಗರದಾಕೆ:
ನಮ್ಮದೂ ಉರಿಯುತ್ತಿತ್ತು. ಮಗ ಅದರ ಮೇಲೆ ಡೈನೋಸಾರ್ ಸ್ಟಿಕ್ಕರ್ ಅಂಟಿಸಿದ್ದಾನೆ. ಪಾರ್ಕಿಂಗ್ ಜಾಗ ಹೋಯಿತಲ್ಲ, ಆ ಸಿಟ್ಟಿಗೆ.